ಸಂಗೀತಗಾರರ ಬದುಕು ಸಿನಿಮಾ ಆದಾಗ ಅವರಿಗೆ ನ್ಯಾಯ ಸಿಗುತ್ತದೆಯೇ?

ಹೆಸರಾಂತ ಸಂಗೀತಗಾರರ ಬದುಕಿನ ಮೇಲೆ ಬರುವ ಸಿನಿಮಾಗಳು ಅವರಿಗೆ ನ್ಯಾಯ ಒದಗಿಸುತ್ತವಾ ಎಂದು ಕೇಳಿದ್ದೀರಿ. ನನಗೆ ಅನಿಸಿದ್ದು ಹೇಳುತ್ತೇನೆ. ಅವರ ಸಂಗೀತಕ್ಕೆ ಆಗೊಮ್ಮೆ ಈಗೊಮ್ಮೆ ನ್ಯಾಯ ಸಿಗುತ್ತದೆ. ಬದುಕಿಗೆ ಸಿಗುವುದು ಇನ್ನೂ ಕಡಿಮೆ. ಅವರ ಪಕ್ಕದಲ್ಲಿದ್ದವರ ಪಾಡಂತೂ ಕೇಳಬೇಡಿ.

ಇದು ನನಗೆ ಹೊಳೆದದ್ದು ಹದಿನೆಂಟನೇ ಶತಮಾನದ ಯುರೋಪಿನ ಸಂಗೀತಗಾರ ಮೊಜಾರ್ಟ್ ಕಥೆ ಹೇಳುವ 1984ರ 'ಅಮೆಡಿಯಸ್' ನೋಡಿದ ಮೇಲೆ. ಅದರ ಕೊನೆಯಲ್ಲಿ ಒಂದು ದೃಶ್ಯವಿದೆ. ಮೊಜಾರ್ಟ್ ಹಾಸಿಗೆ ಹಿಡಿದಿದ್ದಾರೆ. ಮುಖ ಬಿಳಿಚಿಕೊಂಡಿದೆ, ಬರೆಯಲು ಕೈಯಲ್ಲಿ ಶಕ್ತಿಯಿಲ್ಲ. ಇನ್ನೊಬ್ಬ ಸಂಗೀತಗಾರ ಸಾಲಿಯೇರಿ ಎದುರು ಕೂತು ಬರೆದುಕೊಳ್ಳುತ್ತಿದ್ದಾರೆ. ಸಿದ್ಧವಾಗುತ್ತಿರುವುದು ಒಂದು ರೆಕ್ವಿಯಂ, ಅಂದರೆ ಸತ್ತವರಿಗಾಗಿ ಚರ್ಚ್‌ನಲ್ಲಿ ಹಾಡುವ ಸಂಗೀತ. ಮೊಜಾರ್ಟ್ ಮೊದಲು ಗಂಡಸರ ತಗ್ಗು ದನಿಯ ಸಾಲು ಹೇಳುತ್ತಾರೆ. ನಮಗೂ ಅದಷ್ಟೇ ಕೇಳಿಸುತ್ತದೆ. ಆಮೇಲೆ ಅದರ ಮೇಲಿನ ದನಿ. ಆಮೇಲೆ ಊದುವ ವಾದ್ಯಗಳು, ಕೊನೆಗೆ ಪಿಟೀಲುಗಳು. ನಡುವೆ ಸಾಲಿಯೇರಿಗೆ ತಲೆಬುಡ ತಿಳಿಯುವುದಿಲ್ಲ, ಮರುಕ್ಷಣ ಹೊಳೆದು ಮುಖ ಅರಳುತ್ತದೆ. ಬಿಡಿಬಿಡಿಯಾಗಿ ಕೇಳಿದ್ದೆಲ್ಲ ಒಟ್ಟಿಗೆ ಮೊಳಗಿದಾಗ ನನಗೆ ಮೈ ಜುಮ್ಮೆಂದಿತು. ಹಿಂದಕ್ಕೆ ಹೋಗಿ ಹೋಗಿ ನಾಲ್ಕು ಸಲ ನೋಡಿದೆ. ಇಷ್ಟು ದನಿಗಳನ್ನು ಒಬ್ಬ ಮನುಷ್ಯ ತಲೆಯಲ್ಲೇ ಹೇಗೆ ನೇಯುತ್ತಾನೆ ಎಂದು ಯಾವ ಪಾಠದಿಂದಲೂ ನನಗೆ ಅಷ್ಟು ಚೆನ್ನಾಗಿ ತಿಳಿದಿರಲಿಲ್ಲ.

ಆದರೆ ಹಾಗೆ ನಡೆದೇ ಇಲ್ಲ. 1791ರ ಡಿಸೆಂಬರ್ 5ರಂದು ಮೊಜಾರ್ಟ್ ತೀರಿಕೊಂಡಾಗ ರೆಕ್ವಿಯಂ ಅರ್ಧಕ್ಕೇ ನಿಂತಿತ್ತು. ಅದನ್ನು ಪೂರ್ತಿ ಮಾಡಿದವರು ಮೊಜಾರ್ಟ್‌ಗೆ ಕೆಲಸದಲ್ಲಿ ನೆರವಾಗುತ್ತಿದ್ದ ಜ್ಯೂಸ್‌ಮಾಯರ್. ಸಾಲಿಯೇರಿ ಹೊಟ್ಟೆಕಿಚ್ಚಿನಿಂದ ಮೊಜಾರ್ಟ್‌ರನ್ನು ಕೊಂದರು ಎಂಬುದು ಆ ಕಾಲದಿಂದ ಬಂದ ಗಾಳಿಮಾತು, ಸಿನಿಮಾ ಅದನ್ನೇ ಕಥೆ ಮಾಡಿಕೊಂಡಿದೆ. ನಿಜದಲ್ಲಿ ಸಾಲಿಯೇರಿ ಬೀಥೋವನ್, ಶೂಬರ್ಟ್, ಲಿಸ್ಟ್ ಅವರಿಗೆ ಪಾಠ ಹೇಳಿದ ಮೇಷ್ಟ್ರು. ಮೊಜಾರ್ಟ್‌ರ ಕಿರಿಯ ಮಗ ಕೂಡ ಅವರ ಬಳಿಯೇ ಕಲಿತರು. ಗಂಡನನ್ನು ಕೊಂದವನ ಹತ್ತಿರ ಯಾವ ತಾಯಿ ಮಗನನ್ನು ಪಾಠಕ್ಕೆ ಕಳಿಸುತ್ತಾಳೆ, ಹೇಳಿ? ನಾನಂತೂ ವರ್ಷಗಟ್ಟಲೆ ಆ ಮನುಷ್ಯನನ್ನು ಖಳನಾಯಕ ಎಂದೇ ನಂಬಿದ್ದೆ. ತಿಳಿದ ಮೇಲೆ ಬೇಜಾರಾಯಿತು. ಎರಡು ಶತಮಾನದ ಹಿಂದಿನವರು, ತಮ್ಮ ಪರ ಮಾತಾಡಲು ಅವರಿಗೆ ಬಾಯಿಯಿಲ್ಲ.

2018ರ 'ಬೊಹೀಮಿಯನ್ ರಾಪ್ಸೊಡಿ' ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ತಕರಾರಿದೆ. ಕ್ವೀನ್ ಬ್ಯಾಂಡ್‌ನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಕಥೆ ಅದು. ಸಿನಿಮಾದಲ್ಲಿ ಬ್ಯಾಂಡ್ ಒಡೆಯುತ್ತದೆ, ಫ್ರೆಡ್ಡಿಗೆ ಎಚ್‌ಐವಿ ಇರುವುದು ಗೊತ್ತಾಗುತ್ತದೆ, ಗೆಳೆಯರಿಗೆ ಹೇಳುತ್ತಾರೆ, ಆಮೇಲೆ 1985ರಲ್ಲಿ ಬರಗಾಲದ ಸಂತ್ರಸ್ತರ ನೆರವಿಗೆ ನಡೆದ ಲೈವ್ ಏಡ್ ಸಂಗೀತ ಕಾರ್ಯಕ್ರಮದ ವೇದಿಕೆ ಹತ್ತುತ್ತಾರೆ. ಥಿಯೇಟರ್‌ನಲ್ಲಿ ನನ್ನ ಕಣ್ಣೂ ಒದ್ದೆಯಾಗಿತ್ತು. ವಾಸ್ತವದಲ್ಲಿ ಬ್ಯಾಂಡ್ ಒಡೆದಿರಲಿಲ್ಲ. ಆ ವರ್ಷ ಮೇ ತಿಂಗಳವರೆಗೂ ಊರೂರು ಸುತ್ತಿ ಕಛೇರಿ ಕೊಡುತ್ತಲೇ ಇದ್ದರು. ಕಾಯಿಲೆ ಗೊತ್ತಾದದ್ದು 1987ರ ಸುಮಾರಿಗೆ ಎನ್ನುವುದು ಅವರ ಹತ್ತಿರದವರ ಮಾತು. ಲೈವ್ ಏಡ್‌ನಲ್ಲಿ ಅವರಿಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಅದಕ್ಕೆಂದೇ ಕೂತು ತಾಲೀಮು ಮಾಡಿದ್ದರು. ಜುಲೈ 13ರಂದು ಲಂಡನ್ನಿನ ವೆಂಬ್ಲಿ ಮೈದಾನ ಎದ್ದು ನಿಂತದ್ದು ಆ ದುಡಿಮೆಗೆ. ಆ ಬೆವರನ್ನು ಬಿಟ್ಟು ಸಾವಿನ ನೆರಳನ್ನು ಎರಡು ವರ್ಷ ಮುಂಚೆ ತಂದು ಹಾಕಿದರಲ್ಲ, ಅದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ರಮಿ ಮಲೆಕ್ ಅಭಿನಯಕ್ಕೆ ಆಸ್ಕರ್ ಬಂದದ್ದು ಸರಿಯೇ, ನನ್ನ ಜಗಳ ಕಥೆಯ ಜೊತೆ.

ಯಾಕೆ ಹೀಗಾಗುತ್ತದೆ ಅಂದರೆ, ಹಾಡಿನ ಹಕ್ಕು ಇರುವವರು ಒಪ್ಪದೆ ಹಾಡು ಬಳಸುವಂತಿಲ್ಲ. ಎಷ್ಟೋ ಸಲ ಆ ಹಕ್ಕು ಮನೆಯವರ ಅಥವಾ ಜೊತೆಗಾರರ ಕೈಯಲ್ಲಿರುತ್ತದೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮೇಲೆ 2013ರಲ್ಲಿ ಬಂದ ಸಿನಿಮಾಕ್ಕೆ ಒಪ್ಪಿಗೆ ಸಿಗಲಿಲ್ಲ. ಹಾಗಾಗಿ ಅದರಲ್ಲಿ ಅವರೇ ಬರೆದ ಒಂದು ಹಾಡೂ ಇಲ್ಲ. ಒಪ್ಪಿಗೆ ಕೊಡುವವರನ್ನು ಕಥೆಯಲ್ಲಿ ಕೆಟ್ಟವರಾಗಿ ತೋರಿಸುವುದು ಕಷ್ಟ ಅಲ್ವಾ? ಕ್ವೀನ್ ಸಿನಿಮಾದಲ್ಲೂ ಬ್ಯಾಂಡ್‌ನ ಇಬ್ಬರು ಸದಸ್ಯರು ಸಂಗೀತದ ಹೊಣೆ ಹೊತ್ತಿದ್ದರು.

ಚೆನ್ನಾಗಿ ಬಂದದ್ದೂ ಇದೆ. ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡ್‌ನ ಬ್ರಯನ್ ವಿಲ್ಸನ್ ಕುರಿತ 2014ರ 'ಲವ್ ಆಂಡ್ ಮರ್ಸಿ' ನೋಡಿ. ಸ್ಟುಡಿಯೋದಲ್ಲಿ ಅವರು ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುವವರಿಂದ ಒಂದು ಪುಟ್ಟ ತುಣುಕನ್ನು ಮತ್ತೆ ಮತ್ತೆ ನುಡಿಸಿಸುತ್ತಾರೆ. ಉಳಿದವರಿಗೆ ಸಾಕಾಗಿ ಹೋಗಿದೆ. ಇವರಿಗೆ ಮಾತ್ರ ತಲೆಯಲ್ಲಿ ಕೇಳಿದ ನಾದ ಇನ್ನೂ ಕಿವಿಗೆ ಬಿದ್ದಿಲ್ಲ. ಸುಮ್ನೆ ಕೂತು ಅದನ್ನು ನೋಡುವುದೇ ಒಂದು ಸುಖ. ಇಂಥ ಹತ್ತು ನಿಮಿಷ ಇದ್ದರೆ ತಾರೀಕು ಹಿಂದೆಮುಂದೆ ಆದದ್ದನ್ನು ನಾನು ಮನ್ನಿಸುತ್ತೇನೆ.

ಸಾಲಿಯೇರಿ ವಿಷಯಕ್ಕೆ ಮತ್ತೆ ಬರುತ್ತೇನೆ, ಮನಸ್ಸು ಕೇಳುವುದಿಲ್ಲ. ಮೊಜಾರ್ಟ್‌ರ ರೆಕ್ವಿಯಂ ಕದ್ದು ತನ್ನದೆಂದು ಹೇಳಿಕೊಳ್ಳುವುದು ಸಿನಿಮಾದ ಸಾಲಿಯೇರಿಯ ಸಂಚು. ನಿಜವಾದ ಸಾಲಿಯೇರಿ 1804ರಲ್ಲಿ ಸ್ವತಃ ಒಂದು ರೆಕ್ವಿಯಂ ಬರೆದು ತೆಗೆದಿಟ್ಟಿದ್ದರು, ತಾವು ಸತ್ತಾಗ ಹಾಡಲಿ ಎಂದು. 1825ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ಹಾಡಿದರು. ಅದರ ಧ್ವನಿಮುದ್ರಣಗಳು ಸಿಗುತ್ತವೆ. 'ಅಮೆಡಿಯಸ್' ನೋಡಿ ಮುಗಿಸಿದ ರಾತ್ರಿಯೇ ಅದನ್ನೂ ಹಾಕಿಕೊಂಡು ಕೇಳಿ.