ಟೌಟನ್ ಕಾಳಗ: ಗಾಳಿ ಮಾಡಿದ್ದೆಷ್ಟು, ಹಳ್ಳ ಮಾಡಿದ್ದೆಷ್ಟು?

ಪ್ರಶ್ನೆ: ಇಂಗ್ಲೆಂಡಿನ ಗುಲಾಬಿ ಯುದ್ಧಗಳಾಗಿನ ಟೌಟನ್ ಕಾಳಗ ಮಕ್ಕಳಿಗೆ ಬೋರ್ಡ್ ಮ್ಯಾಲ ನಕ್ಷೆ ಬರೆದು ಹೇಳಬೇಕಂತೀನ್ರಿ. ಹಿಮಗಾಳಿನೇ ಗೆಲ್ಲಿಸಿತು ಅಂತಾರ, ಖರೇನಾ? 28,000 ಮಂದಿ ಸತ್ತಿದ್ದು ನಂಬಬಹುದಾ?
— ಶಿಕ್ಷಕರೊಬ್ಬರು, ಬೀದರ್

ಉತ್ತರ: ಗುರುಗಳೇ, ಮೊದಲು ಮಕ್ಕಳಿಗೆ ಕಾಲ ಹಿಡಿಸಿ. ನಿಮ್ಮ ಬೀದರ್ ಹತ್ತಿರದ ಅಷ್ಟೂರಿನಲ್ಲಿ ಅರ್ಧ ಕುಸಿದು ನಿಂತಿರುವ ಗುಮ್ಮಟ ಹುಮಾಯೂನ್ ಶಾ ಬಹಮನಿಯದು. ಅವನು ತೀರಿಕೊಂಡದ್ದು 1461ರಲ್ಲಿ. ಟೌಟನ್ ಕಾಳಗ ನಡೆದದ್ದೂ ಅದೇ ವರ್ಷ, ಮಾರ್ಚ್ 29ರ ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಹಿಂದಿನ ಭಾನುವಾರ. ಲ್ಯಾಂಕಾಸ್ಟರ್, ಯಾರ್ಕ್ ಎಂಬ ಎರಡು ಮನೆತನಗಳು ಇಂಗ್ಲೆಂಡಿನ ಪಟ್ಟಕ್ಕಾಗಿ ಕಾದಾಡಿದ್ದೇ ಗುಲಾಬಿ ಯುದ್ಧಗಳು.

ಬೋರ್ಡಿನ ಮೇಲ್ತುದಿ ಉತ್ತರವಾಗಲಿ. ಮೇಲೆ ಟೌಟನ್, ಕೆಳಗೆ ಸ್ಯಾಕ್ಸ್‌ಟನ್, ನಡುವೆ ದಿಬ್ಬ. ಎಡಕ್ಕೆ ಕಾಕ್ ಹಳ್ಳ ಬರೆದು, ಅದು ಟೌಟನ್ನಿನ ಹಿಂಭಾಗಕ್ಕೆ ಬಳಸಿ ಹೋಗುವಂತೆ ತೋರಿಸಿ. ಲ್ಯಾಂಕಾಸ್ಟರ್ ಪಡೆ ಮೇಲೆ, ಯಾರ್ಕ್ ಪಡೆ ಕೆಳಗೆ. ಮಕ್ಕಳು ಎಡವುವುದು ಇಲ್ಲೇ: ಯಾರ್ಕ್ ಎನ್ನುವುದು ಮನೆತನದ ಹೆಸರು. ಯಾರ್ಕ್ ಊರು ಆಗ ಲ್ಯಾಂಕಾಸ್ಟರ್ ಪಕ್ಷದ ಕೈಯಲ್ಲಿತ್ತು, ಆ ಪಕ್ಷದ ರಾಜ ಆರನೇ ಹೆನ್ರಿ ಅಲ್ಲೇ ಇದ್ದ. ಯಾರ್ಕ್ ಮನೆತನದ 18 ವರ್ಷದ ಎಡ್ವರ್ಡ್ ಲಂಡನ್ನಿನಿಂದ ಬಂದವನು.

ಗಾಳಿಯ ಬಾಣವನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಹಿಮ ಲ್ಯಾಂಕಾಸ್ಟರ್ ಪಡೆಯ ಮುಖಕ್ಕೇ ಬಡಿಯುತ್ತಿತ್ತು. ಯಾರ್ಕ್ ಕಡೆಯ ದಳಪತಿ ಫಾಕನ್‌ಬರ್ಗ್ ತನ್ನ ಬಿಲ್ಲುಗಾರರಿಗೆ ಒಂದು ಸುತ್ತು ಬಾಣ ಬಿಟ್ಟು ಸುಮ್ಮನೆ ನಿಲ್ಲಿ ಎಂದ. ಎದುರಿನವರು ಏಟಿಗೆ ಏಟು ಎಂದು ಬಾಣ ಸುರಿಸಿದರು. ಎದುರುಗಾಳಿಗೆ ಬಾಣದ ಓಟ ತಗ್ಗಿತು, ಎಲ್ಲಿ ಬಿತ್ತೆಂದು ನೋಡಲು ಹಿಮ ಬಿಡಲಿಲ್ಲ. ಎಲ್ಲವೂ ಯಾರ್ಕ್ ಸಾಲಿಗೆ ಮುಟ್ಟದೆ 40 ಗಜ ಮೊದಲೇ ಬಿದ್ದವು. ಬಾಣಗಳ ಒಂದು ಕಟ್ಟಿನಲ್ಲಿ 24 ಇರುತ್ತಿದ್ದವು. ನಿಮಿಷಕ್ಕೆ ಹತ್ತು ಬಿಟ್ಟರೆ ಅವು ಮೂರು ನಿಮಿಷಕ್ಕೂ ಬಾರವು. ಆಮೇಲೆ ಯಾರ್ಕ್‌ನವರು ಮುಂದೆ ಬಂದು, ಬಿದ್ದ ಬಾಣಗಳನ್ನೇ ಆಯ್ದು ಹೊಡೆದರು, ಕೆಲವನ್ನು ಎದುರಾಳಿಯ ಕಾಲಿಗೆ ತೊಡಕಾಗಲೆಂದು ನೆಲದಲ್ಲೇ ಬಿಟ್ಟರು. ಈ ವಿವರ ಎಡ್ವರ್ಡ್ ಹಾಲ್ ಎಂಬ ಚರಿತ್ರಕಾರ ಬರೆದ ಚರಿತ್ರೆಯದು. ಅದು ಅಚ್ಚಾದದ್ದು 1548ರಲ್ಲಿ ಎನ್ನುವುದನ್ನು ಮಕ್ಕಳಿಗೆ ತಪ್ಪದೆ ಹೇಳಿ.

ಅಷ್ಟಕ್ಕೇ ಗೆಲುವು ಸಿಗಲಿಲ್ಲ. ಗಾಳಿ ಮಾಡಿದ್ದು ಒಂದೇ: ಎತ್ತರದ ಜಾಗ ಹಿಡಿದು ಕಾಯಬಹುದಾಗಿದ್ದವರನ್ನು ಅಲ್ಲಿಂದ ಕೆಳಗಿಳಿಸಿತು. ನಂತರ ಗಂಟೆಗಟ್ಟಲೆ ಕೈಕೈ ಕಾದಾಟ. ಸಂಖ್ಯೆಯಲ್ಲಿ ಹೆಚ್ಚಿದ್ದ ಲ್ಯಾಂಕಾಸ್ಟರ್ ಪಡೆ ಯಾರ್ಕ್ ಸಾಲನ್ನು ಹಿಂದಕ್ಕೆ ತಳ್ಳುತ್ತಿತ್ತು. ಹಿಂದುಳಿದಿದ್ದ, ಯಾರ್ಕ್ ಪಕ್ಷದ ನಾರ್ಫಕ್ ಡ್ಯೂಕನ ದಂಡು ಕೊನೆಗೆ ಬಂದು ಲ್ಯಾಂಕಾಸ್ಟರ್ ಪಡೆಯ ಎಡ ಪಕ್ಕಕ್ಕೆ, ನಿಮ್ಮ ಬೋರ್ಡಿನ ಬಲಗಡೆಯಿಂದ, ನುಗ್ಗಿದಾಗ ಸಾಲು ಒಡೆಯಿತು. ಓಡಿದವರಿಗೆ ಎದುರಾದದ್ದು ಅದೇ ಹಳ್ಳ. ಹೆಚ್ಚಿನ ಸಾವು ಅಲ್ಲೇ.

28,000 ಎನ್ನುವುದು ಆ ದಿನಗಳ ಪತ್ರಗಳಲ್ಲೇ ಇದೆ. ಹಾಲ್ 36,776 ಎನ್ನುತ್ತಾನೆ. ಬರೆದವರು ಗೆದ್ದ ಪಕ್ಷದವರು, ಈಗಿನ ಇತಿಹಾಸಕಾರರಲ್ಲಿ ಬಹಳ ಮಂದಿ ಇದನ್ನು ಒಪ್ಪುವುದಿಲ್ಲ. ಬೋರ್ಡ್ ಮೇಲೆ ‘ಸಾವಿರಾರು’ ಎಂದಷ್ಟೇ ಬರೆಯಿರಿ. 1996ರಲ್ಲಿ ಟೌಟನ್ ಹಾಲ್ ಎಂಬ ದೊಡ್ಡ ಮನೆಯ ಬಳಿ ಸಿಕ್ಕ ಸಾಮೂಹಿಕ ಗುಂಡಿಯ ಎಲುಬುಗಳು ಹೆಚ್ಚು ನಂಬಿಕೆಯ ಸಾಕ್ಷಿ: ಗಾಯಗಳು ಬಹುಪಾಲು ತಲೆಯಲ್ಲಿ, ಒಂದೊಂದು ಬುರುಡೆಗೆ ಹಲವು ಏಟು. ತಲೆಯ ಮೇಲೆ ಶಿರಸ್ತ್ರಾಣ ಇದ್ದಿದ್ದರೆ ಅಂಥ ಗಾಯ ಆಗುತ್ತಿರಲಿಲ್ಲ.