ಕರಾಟೆ ಕ್ಲಾಸಿನ ಫ್ಲೆಕ್ಸಿನಲ್ಲಿ ಸೆನ್ಸೈ ಅಂತ ಹಾಕಲಾ, ಶಿಹಾನ್ ಅಂತ ಹಾಕಲಾ?

ಬ್ಲಾಕ್ ಬೆಲ್ಟ್ ಬಂತು, ಕ್ಲಾಸ್ ಶುರು ಮಾಡ್ತಿದ್ದೀನಿ, ಹೆಸರಿನ ಮುಂದೆ ಸೆನ್ಸೈ (ಗುರು) ಅಂತ ಹಾಕಲಾ, ಶಿಹಾನ್ (ಹಿರಿಯ ಗುರು) ಅಂತ ಹಾಕಲಾ ಅಂತ ಕೇಳಿದ್ದೀರಿ. ಹಾಸನದಲ್ಲಿ ನಾನು ಎರಡನ್ನೂ ಹಾಕಿಕೊಂಡು ನೋಡಿದವನು.

ಸಾಲಗಾಮೆ ರಸ್ತೆ ಕಡೆ ಒಂದು ಮನೆಯ ತಾರಸಿ ಬಾಡಿಗೆಗೆ ಹಿಡಿದಿದ್ದೆ. 18 ಮಕ್ಕಳು. ಮೊದಲ ಫ್ಲೆಕ್ಸಿನಲ್ಲಿ 'ಸೆನ್ಸೈ'. ಎರಡನೇ ವರ್ಷ ಯಾರೋ ಬಂದು, ಎಂಟು ಸಾವಿರ ಕೊಟ್ಟರೆ ಶಿಹಾನ್ ಸರ್ಟಿಫಿಕೇಟ್ ಕೊಡಿಸ್ತೀನಿ ಅಂದರು. ಬಂತು. ಚಿನ್ನದ ಬಣ್ಣದ ಅಂಚು, ಕೆಂಪು ಮೊಹರು, ನನ್ನ ಹೆಸರಿನಲ್ಲೇ ಒಂದು ಅಕ್ಷರ ತಪ್ಪು. ಆದರೂ ಫ್ರೇಮ್ ಹಾಕಿಸಿದೆ.

ದುಡ್ಡು ಹೋಗಲಿ ಬಿಡಿ. ಅಲ್ಲಿಯವರೆಗೆ ಪ್ರತಿ ಭಾನುವಾರ ನನ್ನ ಮಾಸ್ಟರ್ ಹತ್ತಿರ ಹೋಗಿ, ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದೆ. ಝೆನ್ಕುತ್ಸು ದಾಚಿ ಅಂತ, ಮುಂದಿನ ಕಾಲು ಮಡಚಿ ನಿಲ್ಲುವ ಭಂಗಿ. ಅದರಲ್ಲಿ ನನ್ನ ಮುಂದಿನ ಕಾಲಿನ ಮಂಡಿ ಒಳಕ್ಕೆ ವಾಲುತ್ತದೆ. ಮಾಸ್ಟರ್ ಬೆತ್ತದ ತುದಿಯಿಂದ ಮಂಡಿಗೆ ತಟ್ಟಿ 'ಆಚೆ ತಗೋ' ಅನ್ನುತ್ತಿದ್ದರು. ಶಿಹಾನ್ ಆದ ಮೇಲೆ ಒಂದೇ ಯೋಚನೆ: ನನ್ನ ಕ್ಲಾಸಿನ ಹುಡುಗರು ಯಾರಾದರೂ ಇದನ್ನು ನೋಡಿಬಿಟ್ಟರೆ? ಒಂದು ಭಾನುವಾರ ಜ್ವರ ಅಂದೆ. ಇನ್ನೊಂದು ಭಾನುವಾರ ಮದುವೆ ಅಂದೆ. ಆಮೇಲೆ ನಾಲ್ಕು ವರ್ಷ ಆ ಕಡೆ ತಲೆ ಹಾಕಲಿಲ್ಲ. ಮಂಡಿ ದಿನಾ ವಾಲುತ್ತಲೇ ಇತ್ತು, ಹೇಳುವವರಿಲ್ಲ. ನನ್ನನ್ನು ನೋಡಿ ಮಕ್ಕಳೂ ಹಾಗೇ ನಿಂತರು. ನನಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ನನ್ನ ಕಣ್ಣಿಗೆ ಅದೇ ಸರಿ ಅಂತ ಆಗಿಹೋಗಿತ್ತು.

ಒಂದು ಟೂರ್ನಮೆಂಟಿನಲ್ಲಿ ಕತಾ (ನಿಗದಿತ ವರಸೆಗಳನ್ನು ಸಾಲಾಗಿ ಮಾಡಿ ತೋರಿಸುವುದು) ಮಾಡಿದ ನಮ್ಮ ಹುಡುಗರೆಲ್ಲ ಮೊದಲ ಸುತ್ತಿಗೇ ಹೊರಗೆ. ತೀರ್ಪುಗಾರರಲ್ಲಿ ನನ್ನ ಮಾಸ್ಟರೂ ಇದ್ದರು. ಬೈಯಲಿಲ್ಲ. ಹೋಗುವಾಗ ನನ್ನ ಕಡೆ ನೋಡಿ, ತಮ್ಮ ಮಂಡಿಯನ್ನು ಎರಡು ಬೆರಳಿಂದ ತಟ್ಟಿಕೊಂಡರು.

ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಸೆನ್ಸೈ ಅನ್ನೋದು ರ್‍ಯಾಂಕೇ ಅಲ್ಲ. ಜಪಾನಿನಲ್ಲಿ ಸ್ಕೂಲ್ ಮೇಷ್ಟ್ರಿಗೂ ಡಾಕ್ಟರಿಗೂ ಸೆನ್ಸೈ ಅನ್ನುತ್ತಾರೆ. ಅದು ಬೇರೆಯವರು ಕರೆಯುವ ಮಾತು. ಫೋನ್ ಎತ್ತಿ 'ನಾನು ಮಂಜಣ್ಣನವರು ಮಾತಾಡ್ತಿರೋದು' ಅಂದರೆ ನಗು ಬರುತ್ತೆ ಅಲ್ವಾ? ಹಾಗೇ. ಇನ್ನು ಶಿಹಾನ್, ರೆನ್ಶಿ, ಹಾನ್ಶಿ ಎಲ್ಲ ಸಂಸ್ಥೆಗಳು ಹಿರಿಯರಿಗೆ ಕೊಡುವ ಬಿರುದು. ನಿಮ್ಮದು ಶೋದಾನ್, ಅಂದರೆ ಮೊದಲ ದಾನ್, ಬ್ಲಾಕ್ ಬೆಲ್ಟಿನ ಮೊದಲ ಮೆಟ್ಟಿಲು. 'ಶೋ' ಅಂದರೆ ಆರಂಭ, ಈಗಷ್ಟೇ ಹೊಸ್ತಿಲು ದಾಟಿದ್ದೀರಿ. ಹಾಂ, 'ಸಾವಿರಾರು ವರ್ಷದ ಬೆಲ್ಟ್ ಪರಂಪರೆ' ಅಂತಲೂ ಬರೆಸಬೇಡಿ. ದಾನ್ ಪದ್ಧತಿಯನ್ನು ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ ತಂದದ್ದು 1883ರಲ್ಲಿ. ಕರಾಟೆ ಗುರು ಗಿಚಿನ್ ಫುನಾಕೋಶಿ ಕರಾಟೆಯಲ್ಲಿ ಮೊದಲ ಸಲ ದಾನ್ ಕೊಟ್ಟದ್ದು 1924ರಲ್ಲಿ.

ನಿಮ್ಮ ಹೆಸರು, ಎಷ್ಟನೇ ದಾನ್, ಯಾರ ಹತ್ತಿರ ಕಲಿತದ್ದು, ಕ್ಲಾಸಿನ ಟೈಮ್. ಫ್ಲೆಕ್ಸಿಗೆ ಇಷ್ಟು ಸಾಕು. ನಮ್ಮ ಮಕ್ಕಳು ಈಗ ನನ್ನನ್ನು ಮಾಸ್ಟರ್ ಅನ್ನುತ್ತಾರೆ, ತೀರಾ ಚಿಕ್ಕವು ಅಂಕಲ್ ಅನ್ನುತ್ತವೆ. ಏನಾದರೂ ಕೇಳಬೇಕಿದ್ದರೆ ಕೇಳಿ, ಭಾನುವಾರ ಬೆಳಿಗ್ಗೆ ಮಾತ್ರ ಸಿಗಲ್ಲ. ಮಂಡಿ ಇನ್ನೂ ಒಳಕ್ಕೇ ವಾಲುತ್ತೆ.