ಹುಳುಕಡ್ಡಿಗೆ ಯಾವ ಕ್ರೀಮ್ ಒಳ್ಳೆಯದು: ಕ್ಲೋಟ್ರಿಮಜೋಲ್, ಟರ್ಬಿನಾಫಿನ್, ಲುಲಿಕೊನಜೋಲ್?

"ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಮತ್ತೆ ಬರುತ್ತೆ" ಅಂತ ನಿಮ್ಮ ಹುಳುಕಡ್ಡಿ ಪ್ರಶ್ನೆಯಲ್ಲಿ ಬರೆದಿದ್ದೀರಲ್ಲ, ಹಾಗಾದರೆ ಈ ಮೂರರಲ್ಲಿ ಯಾವುದು ಅನ್ನೋದು ಆಮೇಲಿನ ಮಾತು. ಈಗ ಹಚ್ಚುತ್ತಿರುವ ಟ್ಯೂಬ್ ಮೇಲಿನ ಸಣ್ಣಕ್ಷರ ಮೊದಲು ಓದಿ.

ನನಗೂ ಹೀಗೇ ಆಗಿತ್ತು. ಮಳೆಗಾಲ, ಒದ್ದೆ ಜೀನ್ಸ್‌ನಲ್ಲೇ ದಿನವಿಡೀ ಓಡಾಟ. ತೊಡೆ ಸಂದಿಯಲ್ಲಿ ರೂಪಾಯಿ ನಾಣ್ಯದಷ್ಟು ಕೆಂಪು ಉಂಗುರ ಎದ್ದಿತು. ಮೆಡಿಕಲ್ ಶಾಪ್‌ನಲ್ಲಿ "ತುರಿಕೆಗೆ" ಅಂದೆ, ಒಂದು ಟ್ಯೂಬ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ತುರಿಕೆ ಮಾಯ! ನಿಲ್ಲಿಸಿದರೆ ಮೊದಲಿಗಿಂತ ಅಗಲವಾಗಿ ವಾಪಸ್. ಮತ್ತೆ ಅದೇ ಟ್ಯೂಬ್. ಸೊಂಟದ ಸುತ್ತ ಹಬ್ಬಿದ ಮೇಲೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಟ್ಯೂಬ್ ತಿರುಗಿಸಿ ಒಂದು ಹೆಸರಿನ ಮೇಲೆ ಬೆರಳಿಟ್ಟರು: ಕ್ಲೋಬೆಟಾಸಾಲ್.

ಅದು ಸ್ಟೀರಾಯ್ಡ್. ಹುಳುಕಡ್ಡಿ ಬರುವುದು ಫಂಗಸ್‌ನಿಂದ (ಶಿಲೀಂಧ್ರ); ತುರಿಕೆ, ಕೆಂಪು ಎರಡೂ ಮೈ ಆ ಫಂಗಸ್ ಜೊತೆ ಹೋರಾಡುತ್ತಿರುವ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ನಮಗೆ ಹಾಯೆನಿಸುತ್ತದೆ, ಫಂಗಸ್ ಆರಾಮಾಗಿ ಹರಡುತ್ತದೆ. ಅದೇ ಟ್ಯೂಬ್‌ನಲ್ಲಿ ಫಂಗಸ್ ಕೊಲ್ಲುವ ಟರ್ಬಿನಾಫಿನ್ ಕೂಡ ಇರುತ್ತದೆ, ಅದಕ್ಕೇ ಅನುಮಾನ ಬರುವುದಿಲ್ಲ. ಚರ್ಮ ತೆಳುವಾಗಿ ತೊಡೆ ಮೇಲೆ ಬಿದ್ದ ಗೆರೆಗಳು ಈಗಲೂ ಇವೆ. 2018ರಲ್ಲೇ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಮಾಡಿದೆ. ಹಾಗಿದ್ದೂ ಸುಮ್ನೆ ಕೇಳಿದರೆ ಸಿಗುತ್ತದೆ ಅನ್ನೋದೇ ನನ್ನ ಸಿಟ್ಟು.

ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್: ಇವೆಲ್ಲ ಸ್ಟೀರಾಯ್ಡ್, ಇವುಗಳಲ್ಲಿ ಒಂದು ಕಂಡರೂ ಆ ಟ್ಯೂಬ್ ಬೇಡ. ಬಿಟ್ಟಾಗ ಸ್ವಲ್ಪ ದಿನ ತುರಿಕೆ ಜಾಸ್ತಿ ಆಗಬಹುದು, ಹೆದರಿ ಮತ್ತೆ ಹಚ್ಚಬೇಡಿ. ಡಾಕ್ಟರ್‌ಗೆ ತೋರಿಸಿ. ತುಂಬಾ ಹಬ್ಬಿದ್ದರೆ ಕ್ರೀಮ್ ಒಂದೇ ಸಾಲದು, ಇಟ್ರಾಕೊನಜೋಲ್‌ನಂಥ ಮಾತ್ರೆಯೂ ಬೇಕಾಗಬಹುದು. ಅದನ್ನು ಅವರೇ ಹೇಳಬೇಕು.

ಇನ್ನು ನಿಮ್ಮ ಮೂರು. ಕ್ಲೋಟ್ರಿಮಜೋಲ್ ಅಗ್ಗ, ದಿನಕ್ಕೆ ಎರಡು ಸಲ ಹಚ್ಚಬೇಕು. ಲುಲಿಕೊನಜೋಲ್ ದಿನಕ್ಕೆ ಒಂದೇ ಸಲ ಸಾಕು, ಬೆಲೆ ಜಾಸ್ತಿ. ಟರ್ಬಿನಾಫಿನ್ ಒಳ್ಳೆಯ ಔಷಧವೇ, ಆದರೆ ಈಗ ನಮ್ಮ ದೇಶದಲ್ಲಿ ಹಬ್ಬಿರುವ ಟ್ರೈಕೊಫೈಟಾನ್ ಇಂಡೋಟಿನಿಯೆ ಅನ್ನೋ ಫಂಗಸ್ ಎಷ್ಟೋ ಸಲ ಅದಕ್ಕೆ ಬಗ್ಗುವುದಿಲ್ಲ. ನಾನಾದರೆ ಕ್ಲೋಟ್ರಿಮಜೋಲ್, ಲುಲಿಕೊನಜೋಲ್ ಎರಡರಲ್ಲಿ ಜೇಬಿಗೆ ಹೊಂದುವುದನ್ನು ತಗೋತೀನಿ. ಕಲೆಯ ಅಂಚು ದಾಟಿ ಒಂದು ಬೆರಳಗಲ ಆಚೆಗೂ ಹಚ್ಚಿ. ಮಾಯವಾದ ಮೇಲೂ ಎರಡು ವಾರ ಬಿಡಬೇಡಿ.

ಉಡಿದಾರ ಇದ್ದರೆ ಬಿಚ್ಚಿಡಿ, ಒದ್ದೆ ದಾರದಲ್ಲಿ ಫಂಗಸ್ ಉಳಿಯುತ್ತದೆ. ಟವೆಲ್ ಹಂಚಿಕೊಳ್ಳಬೇಡಿ. ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದ್ದರೆ ಎಲ್ಲರಿಗೂ ಒಟ್ಟಿಗೇ ಔಷಧಿ ಮಾಡಿಸಿ.